ವಾಹನವಿಕಾರ ನಿವೇದನ ಮೀಮಾಂಸೆ

ಗ್ರಂಥಾರಂಭದಲ್ಲಿ ವಿಘ್ನೇಶ್ವರನನ್ನು ಸ್ಮರಿಸುವುದು ಶಿಷ್ಟಾಚಾರವಾದುದರಿಂದ, ಡ್ಯಾಶ್‌ಬೋರ್ಡಿನ ಮೇಲೆ ಗೋಂದಿನಿಂದ ಪ್ರತಿಷ್ಠಾಪಿತನಾಗಿ, ಏರ್‌ಬ್ಯಾಗು ಬಿಚ್ಚಿಕೊಂಡ ದಿನ ಮಾಲೀಕನ ಮುಖಾರವಿಂದದ ಕಡೆಗೇ ಪ್ರಯಾಣ ಮಾಡಲು ಸನ್ನದ್ಧನಾಗಿ ಕುಳಿತಿರುವ ಪುಟ್ಟ ಗಣಪತಿಗೆ ಮೊದಲು ವಂದಿಸಿ, ಈವರೆಗೆ ಯಾವ ಆಚಾರ್ಯರೂ ಭಾಷ್ಯ ಬರೆಯದೆ ಉಪೇಕ್ಷಿಸಿದ ಒಂದು ಗಹನವಾದ ವಿಷಯವನ್ನು, ಎಂದರೆ ಕಾರಿಗೆ ಮಾಡಿಸಿದ ಮಾರ್ಪಾಡುಗಳನ್ನು ವಿಮಾ ಕಂಪನಿಗೆ ಅರುಹುವ ವಿಧಿಯನ್ನು, ಯಥಾಮತಿ ನಿರೂಪಿಸತೊಡಗುತ್ತೇನೆ.

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯವಿರಬೇಕೆಂಬುದು ಪೂರ್ವಿಕರ ಕಟ್ಟಳೆ. ಇಲ್ಲಿ ವಿಷಯವು ವಿಕಾರ. ತಯಾರಕನು ಕೊಟ್ಟ ಸಹಜರೂಪದಿಂದ ವಾಹನವು ಚ್ಯುತವಾಗುವುದು. ಪ್ರಯೋಜನವು ಕ್ಲೈಮಿನ ಹಣ ಕೈಸೇರುವುದು. ಸಂಬಂಧವು ಮಾಲೀಕನಿಗೂ ಕಂಪನಿಗೂ ನಡುವೆ ರಿನ್ಯೂವಲ್ ಸಮೀಪಿಸಿದಾಗ ಮಾತ್ರ ಚಿಗುರಿ, ಹಣ ಸಂದಾಯವಾದೊಡನೆ ಬಾಡುವ ಸ್ನೇಹ. ಇನ್ನು ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಸಾಲದಲ್ಲಿ ಕಾರು ಕೊಂಡು, ಮೊದಲನೆಯ ಕಂತು ಸಲ್ಲುವುದಕ್ಕೆ ಮುಂಚೆಯೇ ಅದನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲಿನ ಮುಂದೆ ನಿಲ್ಲಿಸಿ, "ಹೊಸದಾಗಿ ಏನೇನು ಬಂದಿದೆ, ತೋರಿಸಿ" ಎಂದವನೇ ಅಧಿಕಾರಿ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಮೂರು ವರ್ಷವಾದರೂ ಕೀಳದೆ ಕಾರನ್ನು ಕೊಂಡಂತೆಯೇ ಕಾಪಾಡಿಕೊಂಡು ಬಂದ ವಿರಕ್ತನಿಗೆ ಈ ಗ್ರಂಥದಿಂದ ಪ್ರಯೋಜನವಿಲ್ಲ. ಅವನು ಇಲ್ಲಿಗೇ ನಿಲ್ಲಿಸಬಹುದು.

ಈ ಶಾಸ್ತ್ರದ ಹುಟ್ಟಿಗೆ ಕಾರಣವಾದ ವೈಚಿತ್ರ್ಯವೊಂದುಂಟು. ಮಾರ್ಪಾಡೆಂಬುದನ್ನು ಮನುಷ್ಯನು ಮಾಡಿಸುವುದೇ ಪ್ರದರ್ಶನಕ್ಕಾಗಿ. ಪಕ್ಕದ ಮನೆಯವರು ಕಿಟಕಿ ತೆರೆಯದಿದ್ದರೆ ಇನ್ನೊಮ್ಮೆ ಆಕ್ಸಿಲರೇಟರ್ ಒತ್ತಿ ಸೈಲೆನ್ಸರಿನ ಘರ್ಜನೆಯನ್ನು ಅವರಿಗೆ ತಲುಪಿಸುವವನು, ಷಡ್ಡಕನನ್ನು ಕೈಹಿಡಿದು ಕರೆತಂದು ಅಲಾಯ್ ವೀಲಿನ ಹೊಳಪಿನಲ್ಲಿ ಅವನ ಮುಖವನ್ನು ಅವನಿಗೇ ತೋರಿಸುವವನು, ಇಡೀ ಬಡಾವಣೆಗೆ ಸಾರಿದ ಈ ಸಂಗತಿಯನ್ನು ಆ ಕಾರಿಗೆ ಪೆಟ್ಟಾದರೆ ಹಣ ಕೊಡಬೇಕಾದ ಒಬ್ಬರಿಗೆ ಮಾತ್ರ ಹೇಳದೆ ಗೋಪ್ಯವಾಗಿಡುವನು. ಸಕಲರಿಗೂ ಪ್ರಕಟವಾದುದು ಒಬ್ಬರಿಗೆ ರಹಸ್ಯವಾಗಿರುವ ಈ ಸ್ಥಿತಿಯನ್ನು ವೇದಾಂತಿಗಳು ಮಾಯೆಯೆನ್ನಬಹುದು; ವಿಮಾ ಕಂಪನಿಯವರು ಅದಕ್ಕೆ 'ನಾನ್-ಡಿಸ್‌ಕ್ಲೋಷರ್' ಎನ್ನುತ್ತಾರೆ.

ವಿಕಾರಭೇದ ಪ್ರಕರಣ

ವಿಕಾರಗಳು ಸ್ಥೂಲವಾಗಿ ಐದು ಬಗೆ.

ಮೊದಲನೆಯದು ಆಗಂತುಕ. ಆಯುಧಪೂಜೆಯ ದಿನ ಬಂಪರಿನ ಇಕ್ಕೆಲಗಳಲ್ಲಿ ಕಟ್ಟುವ ಬಾಳೆಕಂದು, ಬಾನೆಟ್ಟಿನ ಮೇಲಿನ ಸೇವಂತಿಗೆ ಹಾರ, ಚಕ್ರದಡಿಯಲ್ಲಿ ಅಪ್ಪಚ್ಚಿಯಾಗುವ ನಿಂಬೆಹಣ್ಣು, ನವೆಂಬರಿನ ಕನ್ನಡ ಬಾವುಟ ಇವೆಲ್ಲ ಈ ವರ್ಗಕ್ಕೆ ಸೇರಿದವು. ಬಾಳೆಕಂದನ್ನು ನಿವೇದಿಸಬೇಕೆ ಎಂದು ಶಿಷ್ಯನು ಶಂಕಿಸಿದರೆ, ಅದು ಮೂರನೆಯ ದಿನಕ್ಕೆ ಒಣಗುವುದರಿಂದಲೂ, ಎರಡನೆಯ ದಿನವೇ ದಾರಿಯ ಹಸುವೊಂದು ಅದನ್ನು ಮೂಲಸ್ಥಿತಿಗೆ ತರುವುದರಿಂದಲೂ ನಿವೇದನೆ ಅನಾವಶ್ಯಕವೆಂದು ಸಮಾಧಾನ.

ಎರಡನೆಯದು ಭೂಷಣ. ಮ್ಯೂಸಿಕ್ ಸಿಸ್ಟಮ್, ಸಬ್‌ವೂಫರ್, ಅಲಾಯ್ ವೀಲ್, ಚರ್ಮದ ಸೀಟ್ ಕವರ್ ಮೊದಲಾದುವು. ಇವುಗಳಿಂದ ಕಾರಿನ ಸ್ವಭಾವವೇನೂ ಕೆಡದು. ಆದರೆ ಹೇಳದಿದ್ದರೆ ಇವು ಪಾಲಿಸಿಯ ಕಣ್ಣಿಗೆ ಬೀಳವು. ನಲವತ್ತು ಸಾವಿರದ ಸ್ಟೀರಿಯೊ ಕಳುವಾದಾಗ, ಪಾಲಿಸಿಯಲ್ಲಿ ಇಲ್ಲದ ವಸ್ತು ಕಳೆಯುವುದೆಂತು ಎಂಬ ತಾರ್ಕಿಕ ಪ್ರಶ್ನೆಯೊಂದೇ ಮಾಲೀಕನಿಗೆ ಪರಿಹಾರವಾಗಿ ದೊರೆಯುತ್ತದೆ.

ಮೂರನೆಯದು ವೇಷಾಂತರ. ಬಿಳಿಯ ಕಾರು ಒಂದು ಭಾನುವಾರ ಕಪ್ಪಾಗುವುದು. ಆರ್.ಸಿ.ಯಲ್ಲಿ ಬಣ್ಣಕ್ಕೆ ಪ್ರತ್ಯೇಕವಾದ ಅಂಕಣವಿರುವುದರಿಂದ ಆರ್.ಟಿ.ಓ. ಕಚೇರಿಯಲ್ಲಿ ಅದನ್ನು ತಿದ್ದಿಸಬೇಕು. ಇಲ್ಲವಾದರೆ ಕಾಗದದ ಮೇಲೆ ಒಂದು ಕಾರು, ರಸ್ತೆಯ ಮೇಲೆ ಇನ್ನೊಂದು ಕಾರು ಎಂಬ ದ್ವೈತವು ತಲೆದೋರುವುದು.

ನಾಲ್ಕನೆಯದು ಪ್ರಾಣವಿಕಾರ. ಪೆಟ್ರೋಲಿನಿಂದ ಗ್ಯಾಸಿಗೆ ತಿರುಗುವುದು, ಎಂಜಿನನ್ನೇ ಬದಲಿಸುವುದು, ಎಂಜಿನಿನ ಕಂಪ್ಯೂಟರಿಗೆ ಹೊಸ ಮಂತ್ರೋಪದೇಶ ಮಾಡಿಸಿ ರೀಮ್ಯಾಪೆಂಬ ಹೆಸರಿನಲ್ಲಿ ಬಲವನ್ನು ಹೆಚ್ಚಿಸುವುದು. ಹಿಂದೆ ಓಮ್ನಿ ವ್ಯಾನಿನ ಹೊಟ್ಟೆಯಲ್ಲಿ ೧೪.೨ ಕಿಲೋದ ಅಡುಗೆಮನೆಯ ಸಿಲಿಂಡರನ್ನೇ ಕೂರಿಸಿ, ಅದರ ಮೇಲೊಂದು ಜಮಖಾನ ಹಾಸಿ, ಆ ಜಮಖಾನದ ಮೇಲೆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ ಸಾಹಸಿಗಳು ಈ ಶಾಖೆಯ ಪುರಾತನ ಋಷಿಗಳು. ಅವರ ಮಾರ್ಗವು ಆಗಲೂ ನಿಷಿದ್ಧ, ಈಗಲೂ ನಿಷಿದ್ಧ.

ಐದನೆಯದು ಪಾತಕ. ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆದ ಕಪ್ಪು ಫಿಲ್ಮು, ೨೦೧೭ರ ಡಿಸೆಂಬರಿನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯವು ಕಾಯಿದೆಗೆ ವಿರುದ್ಧವೆಂದು ಸಾರಿದ ಬುಲ್‌ಬಾರ್, ಒಳಗಿನ ತಡಿಕೆಯನ್ನು ಕಿತ್ತುಹಾಕಿದ ಸೈಲೆನ್ಸರು ಇತ್ಯಾದಿ. ಉಳಿದ ವಿಕಾರಗಳು ನಿವೇದನೆಯಿಂದ ಶುದ್ಧವಾಗಬಹುದು, ಇವು ಆಗವು. ಬುಲ್‌ಬಾರನ್ನು ಎಷ್ಟು ವಿನಯದಿಂದ ನಿವೇದಿಸಿಕೊಂಡರೂ ದಾರಿಹೋಕನ ಮೊಣಕಾಲಿಗೆ ಅದು ಮೆತ್ತಗಾಗುವುದಿಲ್ಲ. ಡಿಕ್ಕಿಯ ರಭಸವು ಏರ್‌ಬ್ಯಾಗಿನ ಸೆನ್ಸರಿಗೆ ಸಕಾಲದಲ್ಲಿ ತಲುಪುವುದೂ ಇಲ್ಲ.

ವಿಧಿನಿರ್ಣಯ ಪ್ರಕರಣ

ವಿಕಾರಕ್ಕೆ ಮೂಲಶ್ರುತಿಯು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು. ತಯಾರಕನು ನಿರ್ದಿಷ್ಟಪಡಿಸಿದ ವಿವರಕ್ಕೆ ಭಿನ್ನವಾಗುವಂತೆ ಯಾರೂ ವಾಹನವನ್ನು ಮಾರ್ಪಡಿಸಕೂಡದೆಂದೂ, ಅನುಮತಿಯಿಂದ ಮಾಡಿಸಿದ ಮಾರ್ಪಾಡನ್ನು ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ ಅದರ ತಾತ್ಪರ್ಯ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಶ್ರುತಿಗೆ ಯಾವ ಸಡಿಲಿಕೆಯೂ ಇಲ್ಲದ ಭಾಷ್ಯವನ್ನು ಬರೆಯಿತು. ಅದೇ ವರ್ಷ ಕಾಯಿದೆಗೆ ಸೇರಿದ ೧೮೨ಎ ಕಲಮಿನಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಎಂಬ ಪ್ರಾಯಶ್ಚಿತ್ತವು ವಿಹಿತವಾಯಿತು. 'ಪ್ರತಿಯೊಂದು' ಎಂಬ ಪದದ ಕಡೆಗೆ ಅಲಂಕಾರಪ್ರಿಯರ ಗಮನವನ್ನು ಸೆಳೆಯುತ್ತೇನೆ.

ವಿಮೆಯ ಸ್ಮೃತಿಯಾದರೋ ೨೦೦೨ರ ಇಂಡಿಯನ್ ಮೋಟಾರ್ ಟ್ಯಾರಿಫ್. ಕಾರಿನ ಸ್ವಂತ ಹಾನಿಯ ದರವನ್ನು ೨೦೦೭ರಿಂದ ಕಂಪನಿಗಳ ವಿವೇಚನೆಗೆ ಬಿಟ್ಟರೂ, ಟ್ಯಾರಿಫಿನ ಎಂಡಾರ್ಸ್‌ಮೆಂಟುಗಳ, ಎಂದರೆ ಪಾಲಿಸಿಗೆ ಲಿಖಿತವಾಗಿ ಸೇರಿಸುವ ತಿದ್ದುಪಡಿಗಳ, ಸಂಖ್ಯೆಗಳು ಪಾಲಿಸಿಯ ಕೊನೆಯ ಪುಟದಲ್ಲಿ ಇಂದಿಗೂ ಬೀಜಾಕ್ಷರಗಳಾಗಿ ಉಳಿದುಬಂದಿವೆ. ಐ.ಎಂ.ಟಿ. ೨೪ ಎಂದರೆ ವಿದ್ಯುತ್ ಉಪಕರಣಗಳು, ಐ.ಎಂ.ಟಿ. ೨೫ ಎಂದರೆ ಗ್ಯಾಸ್ ಕಿಟ್ಟು. ಎರಡಕ್ಕೂ ಟ್ಯಾರಿಫ್ ವಿಧಿಸಿದ ಹೆಚ್ಚುವರಿ ಪ್ರೀಮಿಯಂ ಬೆಲೆಯ ನೂರಕ್ಕೆ ನಾಲ್ಕು. ಗ್ಯಾಸಿಗೆ ಮೂರನೆಯವರ ಹೊಣೆಗಾಗಿ ಅರವತ್ತು ರೂಪಾಯಿ ಬೇರೆ. ವಿಕಾರಗಳೆಲ್ಲ ಖರ್ಚಿನ ಬಾಬತ್ತೇ ಎಂದು ಎದೆಗುಂದಬೇಕಾಗಿಲ್ಲ. ವಾಹನ ಸಂಶೋಧನಾ ಸಂಸ್ಥೆಯಾದ ಎ.ಆರ್.ಎ.ಐ. ಒಪ್ಪಿದ ಕಳ್ಳತನ ನಿರೋಧಕವನ್ನು ಅಳವಡಿಸಿದವನಿಗೆ ಸಣ್ಣದೊಂದು ರಿಯಾಯಿತಿಯನ್ನೂ, ಅಂಗವಿಕಲರಿಗಾಗಿ ಮಾರ್ಪಡಿಸಿ ಆರ್.ಟಿ.ಓ. ಮುದ್ರೆ ಪಡೆದ ಕಾರಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಅರ್ಧವನ್ನೂ ಅದೇ ಸ್ಮೃತಿಯು ಬಿಟ್ಟುಕೊಟ್ಟಿದೆ.

ಪೂರ್ವಪಕ್ಷ ನಿರಸನ

ಈಗ ಮೌನವಾದಿಗಳ ಆಕ್ಷೇಪಗಳನ್ನು ಕ್ರಮವಾಗಿ ಪರಿಶೀಲಿಸೋಣ.

"ಅವರು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂಬುದು ಪ್ರಥಮ ಪಕ್ಷ. ಇದು ನಿಲ್ಲದು. ಅವರು ಕೇಳಿದ್ದರು, ಮಾಲೀಕನು ರಾತ್ರಿ ಹನ್ನೊಂದೂವರೆಗೆ, ಪಾಲಿಸಿ ಮುಗಿಯಲು ಅರ್ಧ ಗಂಟೆಯಿರುವಾಗ, ಮೊಬೈಲಿನಲ್ಲಿ ರಿನ್ಯೂವಲ್ ಮಾಡುತ್ತ, ಎದುರಾದ ಪ್ರಶ್ನೆಗಳಿಗೆಲ್ಲ 'ಇಲ್ಲ, ಇಲ್ಲ, ಇಲ್ಲ' ಎಂದು ಉಪನಿಷತ್ತಿನ ನೇತಿವಾಕ್ಯದ ಧಾಟಿಯಲ್ಲಿ ಒತ್ತಿಕೊಂಡು ಹೋಗಿದ್ದನು.

"ಏಜೆಂಟನಿಗೆ ಫೋನಿನಲ್ಲಿ ಹೇಳಿದ್ದೇನೆ; 'ಆಯ್ತು ಸಾರ್, ಏನೂ ಆಗಲ್ಲ ಬಿಡಿ' ಎಂದಿದ್ದಾನೆ" ಎಂಬುದು ದ್ವಿತೀಯ ಪಕ್ಷ. ಏಜೆಂಟನ ಅಭಯವು ಸದುದ್ದೇಶದ್ದೇ ಆದರೂ ಅದು ಆಕಾಶದಲ್ಲಿ ಲೀನವಾದುದು. ಎಂಡಾರ್ಸ್‌ಮೆಂಟಾದರೋ ಕಾಗದದಲ್ಲಿ ನೆಲೆಗೊಂಡುದು. "ಆರ್.ಟಿ.ಓ.ಗೆ ಹೇಳಿಯಾಯಿತಲ್ಲ" ಎಂಬ ತೃತೀಯ ಪಕ್ಷಕ್ಕೂ ಇದೇ ಉತ್ತರ: ಆರ್.ಸಿ. ಒಂದು ಗ್ರಂಥ, ಪಾಲಿಸಿ ಇನ್ನೊಂದು. ಒಂದರಲ್ಲಿ ತಿದ್ದಿದುದು ಇನ್ನೊಂದರಲ್ಲಿ ತಾನಾಗಿ ಮೂಡುವುದಿಲ್ಲ.

"ಹೇಳಿದರೆ ಪ್ರೀಮಿಯಂ ಏರುವುದು" ಎಂಬುದು ಚತುರ್ಥ ಪಕ್ಷ. ಇದು ಗಣಿತವನ್ನು ಅವಲಂಬಿಸಿದುದರಿಂದ ಗಣಿತದಿಂದಲೇ ಉತ್ತರ. ಐವತ್ತು ಸಾವಿರದ ಗ್ಯಾಸ್ ಕಿಟ್ಟಿಗೆ ಟ್ಯಾರಿಫಿನ ಲೆಕ್ಕದಲ್ಲಿ ವರ್ಷಕ್ಕೆ ಎರಡು ಸಾವಿರದ ಅರವತ್ತು ರೂಪಾಯಿ, ತೆರಿಗೆ ಬೇರೆ. ಇದನ್ನು ಉಳಿಸಲೆಂದು ಮೌನವಾಗಿದ್ದವನ ಕಾರು ವೈರಿಂಗಿನ ದೋಷದಿಂದ ಸುಟ್ಟುಹೋಯಿತೆನ್ನಿ. ಆಗ ವಾದಕ್ಕೆ ಗುರಿಯಾಗುವುದು ಕಿಟ್ಟಿನ ಐವತ್ತು ಸಾವಿರವಲ್ಲ, ಕಾರಿನ ಸಮಸ್ತ ಮೌಲ್ಯ. ಹೆಬ್ಬಾಗಿಲಿನ ಚಿಲಕಕ್ಕೆ ಹಣವೇಕೆಂದವನಿಗೆ ಮನೆಯ ಬೆಲೆ ಗೊತ್ತಾಗುವುದು ಬೆಳಗ್ಗೆ ಎದ್ದಮೇಲೆಯೇ.

ಕೊನೆಯದು ಐತಿಹಾಸಿಕ ಪಕ್ಷ. ವಿಮೆಯಲ್ಲಿ ಪರಮವಿಶ್ವಾಸವೆಂಬ ತತ್ತ್ವಕ್ಕೆ ಆಕರವಾದ ೧೭೬೬ರ ಇಂಗ್ಲೆಂಡಿನ ತೀರ್ಪಿನಲ್ಲಿ ಗೆದ್ದವನು ಮೌನಿಯೇ ಅಲ್ಲವೆ ಎಂದು ವಿದ್ಯಾವಂತ ಮೌನವಾದಿಯು ಕೇಳುವನು. ಸುಮಾತ್ರಾದ ಮಾರ್ಲ್‌ಬರೋ ಕೋಟೆಯ ಗವರ್ನರನು, ಕೋಟೆಯು ಪರಶತ್ರುವಿನ ಕೈವಶವಾದರೆ ಹಣ ಬರಲೆಂದು ವಿಮೆ ಮಾಡಿಸಿದನು; ಫ್ರೆಂಚರು ಬಂದು ಹಿಡಿದೇಬಿಟ್ಟರು; ಕೋಟೆಯ ದೌರ್ಬಲ್ಯವನ್ನು ಮುಚ್ಚಿಟ್ಟನೆಂದು ವಿಮೆಗಾರನು ಹಣ ನಿರಾಕರಿಸಿದನು; ಗವರ್ನರನೇ ಗೆದ್ದನು. ಸತ್ಯ. ಆದರೆ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡನು ಹೇಳಿದುದೇನೆಂದರೆ, ತಾನೊಬ್ಬನೇ ಬಲ್ಲ ಸಂಗತಿಯನ್ನು ಬಚ್ಚಿಟ್ಟು ಎದುರಾಳಿಯನ್ನು ವ್ಯವಹಾರಕ್ಕೆ ಎಳೆಯಕೂಡದೆಂದು. ಆ ಕೋಟೆಯ ಸ್ಥಿತಿಗತಿಯನ್ನಾದರೋ ಲಂಡನ್ನಿನಲ್ಲಿದ್ದ ವಿಮೆಗಾರನು ತಾನೇ ವಿಚಾರಿಸಿ ಊಹಿಸಬಹುದಾಗಿತ್ತು. ನಿಮ್ಮ ಕಾರಿನ ಡಿಕ್ಕಿಯಲ್ಲೇನಿದೆಯೆಂದು ಯಾವ ಕಂಪನಿಯೂ ಊಹಿಸಲಾರದು. ಆದಕಾರಣ ಗವರ್ನರನ ಜಯವು ನಿಮಗೆ ದಕ್ಕುವುದಿಲ್ಲ.

ಪ್ರಮಾಣ ಪ್ರಕರಣ

ಹೇಳದಿದ್ದರೆ ತಿಳಿಯುವುದು ಹೇಗೆ ಎಂಬ ಧೈರ್ಯವೇ ಮೌನದ ಅಡಿಗಲ್ಲು. ಇದನ್ನು ಕದಲಿಸಲು ಸರ್ವೇಯರ್ ಎಂಬ ಮಹಾನುಭಾವರನ್ನು ಕಣ್ಣಾರೆ ಕಾಣಬೇಕು. ಅವರು ಗ್ಯಾರೇಜಿಗೆ ಬರುವುದು ಬಂಪರಿನ ಪೆಟ್ಟನ್ನು ನೋಡಲೆಂದು. ಆದರೆ ಮೊದಲು ಅದರ ಕಡೆಗೆ ತಿರುಗಿಯೂ ನೋಡುವುದಿಲ್ಲ. ಪ್ಯಾಂಟಿನ ಮಂಡಿಯನ್ನು ಕೊಂಚ ಮೇಲಕ್ಕೆಳೆದುಕೊಂಡು ಕುಕ್ಕರಗಾಲಿನಲ್ಲಿ ಕುಳಿತು, ಮೊಬೈಲಿನ ಟಾರ್ಚನ್ನು ಟೈರಿನ ಪಕ್ಕಕ್ಕೆ ಹಿಡಿದು, ಹೆಬ್ಬೆರಳಿನಿಂದ ಒಣಕೆಸರನ್ನು ಒರಸಿ, ಅಲ್ಲಿ ಅಚ್ಚಾಗಿರುವ ಅಂಕಿಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತಾರೆ. ತಯಾರಕನು ೧೬೫/೮೦ ಆರ್ ೧೪ ಎಂದು ಕೊಟ್ಟಲ್ಲಿ ೧೯೫/೫೫ ಆರ್ ೧೬ ಎಂದಿರುತ್ತದೆ. "ಸಾರ್, ಅದು ಕಂಪನಿಯಿಂದಲೇ ಹಾಗೆ ಬಂದದ್ದು" ಎನ್ನುತ್ತಾನೆ ಮಾಲೀಕ. "ಹೌದಾ? ಅವರು ಅಂಗಡಿ ಸ್ಟಿಕರನ್ನೂ ಹಚ್ಚಿ ಕಳಿಸಿದ್ದಾರೆ ನೋಡಿ" ಎಂದು ಸರ್ವೇಯರು ವೀಲಿನ ಒಳಮೈಯನ್ನು ತೋರಿಸಿ, ಅದರದೂ ಒಂದು ಫೋಟೊ ತೆಗೆದುಕೊಳ್ಳುತ್ತಾರೆ.

ಇದು ಪ್ರತ್ಯಕ್ಷ. ಅವರ ಬತ್ತಳಿಕೆಯಲ್ಲಿ ಇನ್ನೂ ಹಲವು ಪ್ರಮಾಣಗಳುಂಟು. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸಿದ ತಾರ್ಕಿಕರಂತೆ ಡೀಸೆಲ್ ಕಾರಿನ ಕಪ್ಪು ಹೊಗೆಯಿಂದ ರೀಮ್ಯಾಪನ್ನು ಶಂಕಿಸುವುದು ಅನುಮಾನ. ಷೋರೂಮಿನಲ್ಲಿರುವ ಅದೇ ಮಾದರಿಯ ಕಾರಿನ ಪಕ್ಕಕ್ಕಿಟ್ಟು ನೋಡುವುದು ಉಪಮಾನ. ಹಗಲು ಉಣ್ಣದೆಯೂ ದಪ್ಪಗಿರುವ ದೇವದತ್ತನು ರಾತ್ರಿ ಉಣ್ಣುತ್ತಿರಬೇಕೆಂದು ಮೀಮಾಂಸಕರು ನಿರ್ಣಯಿಸಿದಂತೆ, ತಿಂಗಳುಗಟ್ಟಲೆ ಪೆಟ್ರೋಲ್ ಬಂಕಿನ ರಸೀದಿಯಿಲ್ಲದೆಯೂ ದಿನವೂ ತುಮಕೂರಿಗೆ ಹೋಗಿಬರುವ ಕಾರಿನೊಳಗೆ ಗ್ಯಾಸ್ ಇರಲೇಬೇಕೆಂಬುದು ಅರ್ಥಾಪತ್ತಿ. ಸ್ಟೆಪ್ನಿಯಿರಬೇಕಾದ ಸ್ಥಳದಲ್ಲಿ ಸ್ಟೆಪ್ನಿಯಿಲ್ಲದಿರುವುದನ್ನು ಕಂಡು, ಅದರ ಗೂಡನ್ನು ಆಕ್ರಮಿಸಿದ್ದ ವಸ್ತು ಯಾವುದೆಂದು ಕೇಳುವುದು ಅನುಪಲಬ್ಧಿ. ಈ ಯಾವುದೂ ಸಾಲದಾದರೆ ಗ್ಯಾರೇಜಿನ ಹುಡುಗನಿಗೆ ಒಂದು ಟೀ ಕೊಡಿಸುತ್ತಾರೆ; ಆಪ್ತವಾಕ್ಯವು ತಾನಾಗಿ ಹೊರಬೀಳುತ್ತದೆ.

ಫಲನಿರ್ಣಯ

ಮೌನದ ಫಲವು ಸರ್ವತ್ರ ಏಕರೂಪವಾದುದಲ್ಲ. ರಸ್ತೆಯಲ್ಲಿ ಪೆಟ್ಟುತಿಂದ ಮೂರನೆಯ ವ್ಯಕ್ತಿಯ ಪರವಾಗಿ ಕಾಯಿದೆಯು ನಿಂತಿದೆ. ಅವನಿಗೆ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿರೆಂದು ನ್ಯಾಯಾಲಯಗಳು ಕಂಪನಿಗೆ ಆಜ್ಞಾಪಿಸುವುದುಂಟು. ಕಾರು ಕಳುವಾದ ಪ್ರಸಂಗದಲ್ಲಿ ಷರತ್ತಿನ ಉಲ್ಲಂಘನೆಗೂ ಕಳವಿಗೂ ಸಂಬಂಧವಿಲ್ಲದಿದ್ದರೆ ಕ್ಲೈಮನ್ನು ಪೂರ್ತಿಯಾಗಿ ತಳ್ಳಿಹಾಕಕೂಡದೆಂದು ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿ, ನೂರಕ್ಕೆ ಎಪ್ಪತ್ತೈದನ್ನು ಕೊಡಿಸಿತು. ಆದರೆ ವಿಕಾರವೇ ಅಪಘಾತಕ್ಕೆ ಕಾರಣವಾದಲ್ಲಿ ಈ ದಯೆಯನ್ನು ನೆಚ್ಚಲಾಗದು. ದಯೆ ದೊರೆಯುವಲ್ಲಿಯೂ ಅದು ವಿಮಾ ಓಂಬುಡ್ಸ್‌ಮನ್ನಿನಿಂದಲೋ ಗ್ರಾಹಕರ ಆಯೋಗದಿಂದಲೋ ಬರುವವರೆಗೆ ಕಾರು ಗ್ಯಾರೇಜಿನ ಹಿತ್ತಿಲಲ್ಲಿ, ಅಲಾಯ್ ವೀಲಿನ ಸಮೇತ, ಮಳೆಯಲ್ಲಿ ನೆನೆಯುತ್ತಿರುವುದು.

ಆದಕಾರಣ ಸಿದ್ಧಾಂತವಿದು. ನಿಷಿದ್ಧವಾದುದನ್ನು ಮಾಡಿಸಬೇಡಿ. ಅನುಮತಿ ಬೇಕಾದುದನ್ನು ಆರ್.ಟಿ.ಓ.ದಲ್ಲಿ ಮೊದಲು ಕೇಳಿ, ಆರ್.ಸಿ.ಯಲ್ಲಿ ಬರೆಸಿಕೊಳ್ಳಿ. ಉಳಿದುದನ್ನು ಬಿಲ್ಲಿನ ಸಹಿತ ಕಂಪನಿಗೆ ಲಿಖಿತವಾಗಿ ತಿಳಿಸಿ. ಮುಂದಿನ ರಿನ್ಯೂವಲಿಗೆ ಕಾಯದೆ, ಮಾಡಿಸಿದ ವಾರದಲ್ಲಿಯೇ ತಿಳಿಸಿ. ಎಂಡಾರ್ಸ್‌ಮೆಂಟ್ ಕೈಗೆ ಬಂದಮೇಲೆ ಅದರಲ್ಲಿ ನಿಮ್ಮ ವಸ್ತುವಿನ ಹೆಸರೂ ಬೆಲೆಯೂ ಸರಿಯಾಗಿವೆಯೇ ಎಂದು ಒಮ್ಮೆ ಓದಿಕೊಳ್ಳಿ. ಷಡ್ಡಕನಿಗೆ ತೋರಿಸುವುದನ್ನು ಆಮೇಲೆ ಇಟ್ಟುಕೊಳ್ಳಬಹುದು.