ಹಿಮಪಥ ತಮೋಮೀಮಾಂಸೆ ಅಥವಾ ರೈಲು ಪಾಸಿನಲ್ಲಿ ಕತ್ತಲೆಯ ಪಾಲು

ಚಳಿಗಾಲದಲ್ಲಿ ರೈಲು ಪಾಸ್ ಹಿಡಿದು ಆಲ್ಪ್ಸ್ ಸುತ್ತಲು ಹೊರಟವರು ತಾವು ಬೆಟ್ಟ ನೋಡಲು ದುಡ್ಡು ಕಟ್ಟಿದ್ದೇವೆಂದು ನಂಬಿರುತ್ತಾರೆ. ಇದು ಹಗ್ಗದಲ್ಲಿ ಹಾವು ಕಂಡಂಥ ಭ್ರಾಂತಿ. ಅವರು ಕೊಂಡದ್ದು ಕತ್ತಲೆ, ಬೆಟ್ಟ ಬರೀ ಕೊಸರು ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ಹೇತು ಹೀಗಿದೆ: ಪಾಸನ್ನು ಅಳೆಯುವ ಮಾನ ‘ದಿನ’. ಸ್ವಿಸ್ ಟ್ರಾವೆಲ್ ಪಾಸ್ ಸಿಗುವುದು 3, 4, 6, 8, 15 ದಿನಗಳ ಅಳತೆಯಲ್ಲಿ. (ಐದು, ಏಳು ಯಾವ ದೋಷಕ್ಕೆ ಬಿಟ್ಟುಹೋದವೆಂದು ಪಂಚಾಂಗ ಬಲ್ಲವರೇ ಹೇಳಬೇಕು.) ದಿನವೆಂದರೆ ಇಪ್ಪತ್ನಾಲ್ಕು ಗಂಟೆ ಎಂಬುದು ಪಾಸಿನ ಮತ. ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಸೂರ್ಯನ ಮತ ಎಂಟೂವರೆ ಗಂಟೆಯ ಆಸುಪಾಸು. ಈ ಎರಡು ಮತಗಳ ನಡುವಿನ ವ್ಯತ್ಯಾಸಕ್ಕೂ ಹಣ ತೆತ್ತವನನ್ನೇ ಶಾಸ್ತ್ರಕಾರರು ಪ್ರವಾಸಿ ಎನ್ನಬೇಕು.

ಉದಾಹರಣೆಗೆ ಗ್ಲೇಸಿಯರ್ ಎಕ್ಸ್‌ಪ್ರೆಸ್. ಜರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಸುಮಾರು ಎಂಟು ಗಂಟೆ ತೆಗೆದುಕೊಳ್ಳುವ ಈ ರೈಲು ಇದ್ದೊಂದು ಹಗಲನ್ನು ಇಡಿಯಾಗಿ ನುಂಗಿ, ಅದರೊಳಗೆ ಮತ್ತೆ 91 ಸುರಂಗಗಳನ್ನು ತುರುಕುತ್ತದೆ. 1930ರಲ್ಲಿ ಇದು ಓಡತೊಡಗಿದಾಗ ಫುರ್ಕಾ ಕಣಿವೆಯಲ್ಲಿ ರೋನ್ ಹಿಮನದಿ ಕಿಟಕಿಗೇ ಕಾಣುತ್ತಿತ್ತು, ಹೆಸರು ಬಂದದ್ದೂ ಅದರಿಂದಲೇ. ಆದರೆ ಚಳಿಗಾಲದಲ್ಲಿ ಆ ದಾರಿ ಹಿಮದಡಿ ಹೂತುಹೋಗುತ್ತಿತ್ತು. ಸ್ಟೆಫೆನ್‌ಬಾಖ್ ತೊರೆಯ ಮೇಲಿನ ಸೇತುವೆಯನ್ನಂತೂ ಹಿಮಕುಸಿತಕ್ಕೆ ಅಂಜಿ ಪ್ರತಿವರ್ಷ ಕೊಡೆಯಂತೆ ಮಡಚಿಡುತ್ತಿದ್ದರು. 1982ರಲ್ಲಿ ಸುಮಾರು 15 ಕಿ.ಮೀ. ಉದ್ದದ ಫುರ್ಕಾ ತಳಸುರಂಗ ತೆರೆಯಿತು. ರೈಲು ಚಳಿಗಾಲದಲ್ಲೂ ಓಡುವಂತಾಯಿತು, ಹಿಮನದಿ ಮಾತ್ರ ಕಿಟಕಿಯಿಂದ ಮರೆಯಾಯಿತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ. ಚಳಿಗಾಲದ ಪ್ರಯಾಣವನ್ನು ಸಾಧ್ಯವಾಗಿಸಿದ್ದೇ ಕತ್ತಲೆ ಎಂದಮೇಲೆ ಕಾರಣವನ್ನು ಬಿಟ್ಟು ಕಾರ್ಯವನ್ನಷ್ಟೇ ಕೊಂಡೆನೆನ್ನುವುದು ಯಾವ ತರ್ಕ?

ಇಲ್ಲಿ ಪೂರ್ವಪಕ್ಷದವರು ವಾಸನ್ ಚರ್ಚನ್ನು ಮುಂದೊಡ್ಡುತ್ತಾರೆ. ಗೊಟ್ಟಾರ್ಡ್‌ನ ಹಳೆಯ ಬೆಟ್ಟದ ಹಳಿ ಸುರುಳಿ ಸುರಂಗಗಳಲ್ಲಿ ಸುತ್ತಿ ಏರುವುದರಿಂದ ಆ ಚರ್ಚು ಮೂರು ಎತ್ತರಗಳಲ್ಲಿ ಮೂರು ಸಲ ಕಾಣುತ್ತದೆ. ಆದ್ದರಿಂದ ಸುರಂಗ ಮರೆಸುವುದಿಲ್ಲ, ತೋರಿಸುತ್ತದೆ ಎಂಬುದು ಅವರ ವಾದ. ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಯನ್ನು ಒಪ್ಪುವ ನೈಯಾಯಿಕನಿಗೆ ಅಲ್ಲಿ ಒಂದೇ ಚರ್ಚಿದೆ, ಲಾಭವೂ ಒಂದೇ. ಕ್ಷಣಿಕವಾದಿ ಬೌದ್ಧನಿಗೆ ಮೂರು ಚರ್ಚುಗಳಿವೆ ನಿಜ, ಆದರೆ ನೋಡಿದವನೂ ಮೂವರಾಗುತ್ತಾನೆ. ಪಾಸಿನಲ್ಲಿರುವುದು ಒಬ್ಬನ ಹೆಸರು, ಉಳಿದಿಬ್ಬರಿಗೆ ದಂಡ. ಯಾವ ದರ್ಶನದಲ್ಲೂ ಗಿಟ್ಟುವುದಿಲ್ಲ.

ಬರ್ನಿನಾದ ಆಕ್ಷೇಪ ಹೆಚ್ಚು ತೂಕದ್ದು. 1910ರಲ್ಲಿ ಪೂರ್ಣಗೊಂಡ ಆ ಹಳಿ, ಹಲ್ಲುಚಕ್ರದ ಹಂಗಿಲ್ಲದೆ, ನೂರಕ್ಕೆ ಏಳರಷ್ಟು ಕಡಿದಾದ ಏರನ್ನು ಹತ್ತಿ 2,253 ಮೀಟರ್ ಎತ್ತರ ಮುಟ್ಟಿ, ಇಟಲಿಯ ತಿರಾನೋದಲ್ಲಿ 429 ಮೀಟರಿಗೆ ಇಳಿಯುತ್ತದೆ, ಅದೂ ಬಹುಪಾಲು ಬಯಲಿನಲ್ಲೇ. ದೊಡ್ಡ ಗಾಜಿನ ಬರ್ನಿನಾ ಎಕ್ಸ್‌ಪ್ರೆಸ್‌ಗೆ ಪಾಸಿದ್ದವರೂ ಆಸನ ಕಾದಿರಿಸಲು ಬೇರೆ ಹಣ ಕೊಡಬೇಕು. ಅದೇ ಹಳಿಯ ಸಾಮಾನ್ಯ ರೈಲಿಗೆ ಅದು ಬೇಡ. ಬೆಳಕು ಪಾಸಿನಲ್ಲೇ ಪುಕ್ಕಟೆ ಸಿಗುವ ಈ ಸಂಗತಿ ನಮ್ಮ ಸಿದ್ಧಾಂತಕ್ಕೆ ತುಸು ಇರುಸುಮುರುಸಿನದು, ಆದ್ದರಿಂದ ಇದನ್ನು ಅಪವಾದವೆಂದು ಕರೆದು ಮುಂದೆ ಸಾಗುವುದು ವಿದ್ವತ್ಪರಂಪರೆಗೆ ಒಪ್ಪುತ್ತದೆ.

ಯೋಜನೆಯ ಸೂತ್ರ ಇಲ್ಲಿಂದ ತಾನಾಗಿ ಇಳಿಯುತ್ತದೆ: ಕತ್ತಲೆಗೆ ಕತ್ತಲೆಯನ್ನೇ ಜೋಡಿಸಬೇಕು. 2016ರಲ್ಲಿ ತೆರೆದ 57 ಕಿ.ಮೀ.ಗಳ ಗೊಟ್ಟಾರ್ಡ್ ತಳಸುರಂಗವನ್ನು ರಾತ್ರಿ ದಾಟಿದರೆ ನಷ್ಟ ಸೊನ್ನೆ, ಬರ್ನಿನಾವನ್ನು ನಡುಹಗಲಿಗೆ ಇಟ್ಟರೆ ಲಾಭ ಪೂರ್ತಿ. ಊಟವಾದ ಮೇಲೆ ಬೆಚ್ಚಗಿನ ಬೋಗಿಯಲ್ಲಿ ಗಾಜಿಗೆ ತಲೆಯಾನಿಸಿ ಗೊರಕೆ ಹೊಡೆಯುವವರು ಮಾತ್ರ ಈ ಶಾಸ್ತ್ರದ ವ್ಯಾಪ್ತಿಗೆ ಸೇರುವುದಿಲ್ಲ; ಅವರಿಗೆ ಪಾಸಿನ ಇಪ್ಪತ್ನಾಲ್ಕು ಗಂಟೆಯೂ ಒಂದೇ.