ಕಾನ್ಸೆಪ್ಟು ಊರಿಗೆ ಬಂದ

ಬೆಂಗಳೂರಿನಿಂದ ಶಿಡ್ಲಘಟ್ಟಕ್ಕೆ ಬರುವ ಬಸ್ಸಿನಲ್ಲಿ ತೊಡೆಯ ಮೇಲೊಂದು ಮ್ಯೂಸಿಯಂ ಇಟ್ಟುಕೊಂಡು ಕೂತ ಹುಡುಗ ಕಂಡರೆ ಅವನೇ ಇವನು. ಮೌಂಟ್ ಬೋರ್ಡಿನ ಗೋಡೆ, ಥರ್ಮೋಕೋಲಿನ ಬೆಟ್ಟ, ಸ್ಪಂಜಿನ ಮರ. ಬೆರಳ ತುಂಬ ಗೋಂದು, ಕಣ್ಣ ತುಂಬ ನಿದ್ದೆ. ಇದಕ್ಕೆ ಲಗೇಜು ಚೀಟಿ ಹರಿಯಬೇಕೋ ಫುಲ್ ಟಿಕೆಟ್ಟೋ ಎಂದು ಕಂಡಕ್ಟರು ತಲೆ ಕೆರೆದುಕೊಳ್ಳುತ್ತಾನೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಊರಿನವರ ಬಾಯಲ್ಲಿ ಮಾತ್ರ ಅವನು ‘ಕಾನ್ಸೆಪ್ಟು’.

ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇರುವ ಜಿಲ್ಲೆ ಇದು. ನೆಟ್ಟಗೆ ಗೆರೆ ಎಳೆಯಬಲ್ಲ ಹುಡುಗ ಇಲ್ಲಿ ಎಂಜಿನಿಯರ್ ಆಗಲೇಬೇಕು. ಇವನು ಗೆರೆಯನ್ನು ಸೊಟ್ಟಗೆ ಎಳೆಯುವುದಕ್ಕೆಂದೇ ಐದು ವರ್ಷದ ಬಿ.ಆರ್ಕ್ ಸೇರಿದ. “ಪ್ಲಾನ್ ಬರೆಯೋಕೆ ಐದು ವರ್ಷ ಓದಬೇಕಾ? ಟೌನಲ್ಲಿ ಅರ್ಧ ಗಂಟೇಲಿ ಬರೆದುಕೊಡ್ತಾರಲ್ಲಪ್ಪ” ಎಂದು ನೆಂಟರು ಕೇಳಿದರೆ ನಕ್ಕು ಗಡ್ಡ ಸವರಿಕೊಳ್ಳುತ್ತಾನೆ.

ತೊಡೆಯ ಮೇಲಿದ್ದ ಮ್ಯೂಸಿಯಂ ಶಿಡ್ಲಘಟ್ಟಕ್ಕೇ ಮೀಸಲು. ರೇಷ್ಮೆಗೂಡಿನ ಆಕಾರ, ಮೂರು ಅಂತಸ್ತು, ಬಾಗಿಲೇ ಇಲ್ಲ. ನೂಲು ತೆಗೆಸುವ ರೀಲರ್ ಆಗಿರುವ ದೊಡ್ಡಪ್ಪ ಅದನ್ನು ಸುತ್ತು ಹಾಕಿ ನೋಡಿದರು.

“ಹೊರಗೆ ಬರೋದು ಎಲ್ಲಿಂದ?”

“ಅದೇ ಕಾನ್ಸೆಪ್ಟು, ದೊಡ್ಡಪ್ಪ. ಚಿಟ್ಟೆ ಗೂಡು ತೂತು ಮಾಡ್ಕೊಂಡು ಬರುತ್ತಲ್ಲ, ನೋಡೋಕೆ ಬಂದೋರೂ ಹಾಗೇ ಬೆಳಕಿಗೆ ಬರ್ತಾರೆ.”

“ಚಿಟ್ಟೆ ಬಂದ್ರೆ ಗೂಡು ಕೆಟ್ಟಂಗೆ ಕಣೋ. ಎಳೆ ಬಿಚ್ಚೋಕಾಗಲ್ಲ, ಮಾರ್ಕೆಟ್ಟಲ್ಲಿ ಯಾರೂ ಮೂಸಲ್ಲ. ಅದಕ್ಕೇ ನಾವು ಒಳಗಿರೋವಾಗ್ಲೇ ಬೇಯಿಸಿಬಿಡ್ತೀವಿ. ನಿನ್ನ ಮ್ಯೂಸಿಯಂಗೆ ಬಂದೋರನ್ನ ಏನು ಮಾಡ್ತೀಯ?”

ಗೌರಿಬಿದನೂರಿನ ಬಳಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸಾಲಾಗಿ ನೆಟ್ಟ ರೇಡಿಯೊ ದೂರದರ್ಶಕವಿದೆ. ಅದರ ಪೂರ್ವ ಪಶ್ಚಿಮದ ಉದ್ದವೇ 1.4 ಕಿಲೋಮೀಟರು. ಅದನ್ನು ನೋಡಿ ಬಂದ ರಾತ್ರಿಯೇ ಅವನ ಮುಂದಿನ ನಕ್ಷೆ, ಅಷ್ಟೇ ಉದ್ದದ ‘ಆಕಾಶವನ್ನು ಆಲಿಸುವ ಬಸ್ ನಿಲ್ದಾಣ’ ಹುಟ್ಟಿತು. ಬೆಂಗಳೂರಿನ ಬಸ್ಸು ಒಂದು ತುದಿಗೆ, ಹಿಂದೂಪುರದ್ದು ಇನ್ನೊಂದು ತುದಿಗೆ. ಅಷ್ಟು ನಡೆಯೋದಾದರೆ ಬಸ್ಸು ಯಾಕೆ ಅನ್ನುವ ಪ್ರಶ್ನೆಗೆ ಅವನ ಹಾಳೆಯಲ್ಲಿ ಜಾಗವಿರಲಿಲ್ಲ. ಚಿಂತಾಮಣಿಯ ಕೈಲಾಸಗಿರಿಯಲ್ಲಿ ಬಂಡೆ ಕೊರೆದು ಮಾಡಿದ ಗುಹಾ ದೇವಾಲಯ ಕಂಡು, ಬಂಡೆಯೊಳಗೇ ಕಲ್ಯಾಣಮಂಟಪ ಬರೆದ. ಅಡುಗೆ ಭಟ್ಟರು ಒಗ್ಗರಣೆ ಹೊಗೆ ಹೋಗುವ ದಾರಿ ಕೇಳಿದರು. ಅಲ್ಲಿಗೆ ಅದೂ ಮುಗಿಯಿತು.

ಅಜ್ಜಿಯ ಮನೆಯ ಕಥೆ ಬೇರೆ. ಸೈಜುಗಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ, ಅಡುಗೆಮನೆಗೊಂದು ಬೆಳಕಿಂಡಿ. ಅವನು ನೆಲದ ಮೇಲೆ ಅಂಗಾತ ಮಲಗಿ ಫೋಟೊ ತೆಗೆದ. ಬೆಂಗಳೂರಿನ ಐಐಎಂ ಕಟ್ಟಡ ರೂಪಿಸಿದ ಬಿ.ವಿ. ದೋಶಿಯವರೂ ಒರಟು ಕಲ್ಲಿಗೆ ಗಿಲಾವು ಮಾಡಿಸದೆ ಹಾಗೇ ಬಿಟ್ಟರು, ಅವರಿಗೆ 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು ಎಂದು ಅಜ್ಜಿಗೆ ವಿವರಿಸಿದ.

“ನಮ್ಮದು ಗಿಲಾವಿಗೆ ದುಡ್ಡಿಲ್ಲದೆ ಬಿಟ್ಟಿದ್ದು ಕಣಪ್ಪ. ನಮಗೂ ಏನಾದ್ರೂ ಕೊಡ್ತಾರಾ?”

ಅಪ್ಪನಿಗೋ ಇದನ್ನು ಕೆಡವಿ ಮುಂದೆ ನೀಲಿ ಗಾಜು, ಸ್ಟೀಲ್ ಕಂಬಿ ಇರುವ ‘ಎಲಿವೇಷನ್’ ಮಾಡಿಸುವ ಆಸೆ. ಮಗ ಬೇಡ ಎಂದು ಎರಡು ಹೊತ್ತು ಊಟ ಬಿಟ್ಟ. ಇದೊಂದು ವಿಷಯದಲ್ಲಿ ನಾನು ಹುಡುಗನ ಕಡೆ. ಆದರೆ ಅವನು ಅಪ್ಪನಿಗೆ ‘ತಂಪಾಗಿದೆ, ಗಟ್ಟಿಯಾಗಿದೆ’ ಎಂದಿದ್ದರೆ ಸಾಕಿತ್ತು. ‘ಶೂನ್ಯದೊಡನೆ ಸಂವಾದ’ ಎಂದು ಕೆಡಿಸಿದ. “ಶೂನ್ಯ ನನ್ನ ಜೇಬಲ್ಲಿದೆ, ನಿನ್ನ ಫೀಸು ಕಟ್ಟಿ” ಎಂದರು ಅಪ್ಪ.

ಕೊನೆಗೆ ನಿಜವಾದ ಗಿರಾಕಿಯೊಬ್ಬ ಸಿಕ್ಕಿದ: ಸೋದರಮಾವ. ಬೇಕಾದದ್ದು ರೇಷ್ಮೆಹುಳು ಸಾಕುವ ಮನೆ. ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಜಾಲಂಧ್ರದ ಇಟ್ಟಿಗೆ ಗೋಡೆಗಳನ್ನು ನೆನೆದು ಕಾನ್ಸೆಪ್ಟು ನಾಲ್ಕೂ ಕಡೆ ತೂತೇ ತೂತು ಬರೆದುಕೊಟ್ಟ. ಗೋಡೆ ಉಸಿರಾಡುತ್ತದೆ ಎಂದ.

“ಊಜಿ ನೊಣ ಕೇಳಿದೀಯ, ಅಳಿಯಾ? ಒಂದು ಒಳಗೆ ಬಂದು ಹುಳದ ಮೈಮೇಲೆ ಮೊಟ್ಟೆ ಇಟ್ರೆ ಬೆಳೆ ಹೋಯ್ತು. ಈ ಒಂದೊಂದು ತೂತಿಗೂ ನೀನೇ ಕೂತು ನೈಲಾನ್ ಪರದೆ ಹೊಡಿ.”

ಮಾವ ಬೀಡಿ ಹಚ್ಚಿ ಪಾಠ ಶುರುಮಾಡಿದರು. ಒಳಗೆ 24ರಿಂದ 28 ಡಿಗ್ರಿ ಇರಬೇಕು. ಗಾಳಿ ಆಡಬೇಕು, ತೇವ ಆರಬಾರದು. ಬೆಳೆ ಬೆಳೆಗೂ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯೋಕೆ ಬರಬೇಕು. ಪೊರೆ ಬಿಡೋಕೆ ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟಲ್ಲ, ಆಗ ಗಲಾಟೆ ಮಾಡಬಾರದು. “ಮನೆ ಹಿಡಿಸಲಿಲ್ಲ ಅಂದ್ರೆ ನಿಮ್ಮ ಮೇಷ್ಟರ ಥರ ಕಾಮೆಂಟ್ ಮಾಡಲ್ಲ ಅವು. ಸತ್ತೇ ಹೋಗ್ತವೆ.”

ಇಂಥ ಕಟ್ಟುನಿಟ್ಟಿನ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಮೂರು ರಾತ್ರಿ ಕೂತು ಆಯತಾಕಾರದ, ಎದುರುಬದುರು ಕಿಟಕಿಯ, ಬಾಗಿಲಿರುವ ಮನೆ ಬರೆದ. ಮೇಸ್ತ್ರಿ ನಕ್ಷೆಯನ್ನು ಮಡಚಿ ಕಿವಿಯ ಪೆನ್ಸಿಲಿನ ಜೊತೆ ಸಿಕ್ಕಿಸಿಕೊಂಡು, ದಾರ ಹಿಡಿದು ತನಗೆ ತೋಚಿದಂತೆ ಪಾಯ ಗುರುತು ಹಾಕಿದ. ಆಶ್ಚರ್ಯವೆಂದರೆ ಎರಡೂ ಒಂದೇ ಆಗಿದ್ದವು.

ನಕ್ಷೆ ಕಾಲೇಜಿನ ಜ್ಯೂರಿಗೂ ಹೋಯಿತು. ನೂರು ಚಿಟ್ಟೆಗಳ ಮೊಟ್ಟೆಯ ಚಾಕಿ, ಅಂದರೆ ಎಳೆ ಹುಳ, ತಂದರೆ ಸುಮಾರು 40,000 ಹುಳ ಎಂದು ಮಾವ ಹೇಳಿದ್ದರು. ಹಳೆಯ ಚಟ ಬಿಡದ ಕಾನ್ಸೆಪ್ಟು ಹಾಳೆಯ ನೆತ್ತಿಯ ಮೇಲೆ ‘40,000 ಮೌನ ನಿವಾಸಿಗಳಿಗೊಂದು ವಸತಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಶೀರ್ಷಿಕೆಯನ್ನಷ್ಟೇ ಓದಿ, ಕನ್ನಡಕ ಏರಿಸಿ ಕೇಳಿದರು: “ಪಾರ್ಕಿಂಗ್ ಎಲ್ಲಿ ಕೊಟ್ಟಿದ್ದೀರಿ?”