ಬೆಕ್ಕು, ಬಿಯರು, ನೆಲಮಾಳಿಗೆ

ನಿಮ್ಮ ಇ-ಮೇಲ್ ವಿಳಾಸದ ನಡುವೆ ಸುರುಳಿ ಸುತ್ತಿಕೊಂಡು ಕೂತಿರುವ ‘ಅಟ್’ ಚಿಹ್ನೆ ಇದೆಯಲ್ಲ, ಆಸಾಮಿ ಸಾಮಾನ್ಯನಲ್ಲ. 1980ರ ‘ರೋಗ್’ ಎಂಬ ಕಂಪ್ಯೂಟರ್ ಆಟದಲ್ಲಿ ಅವನೇ ವೀರಾಧಿವೀರ! ಎದುರಿಗೆ ಇಂಗ್ಲಿಷಿನ ದೊಡ್ಡಕ್ಷರ ‘ಡಿ’ ಬಂತೆಂದರೆ ಅದು ಡ್ರ್ಯಾಗನ್. ಬಾಲ್ಯದಲ್ಲಿ ಒತ್ತಕ್ಷರ ಕಂಡು ಬೆವೆತವರಿಗೆ ಈ ಭಯ ಹೊಸದಲ್ಲ. ವೀರ ಇಳಿಯುವ ನೆಲಮಾಳಿಗೆ ಪ್ರತಿಸಲವೂ ಬೇರೆಯದೇ. ಸತ್ತರೆ ಮತ್ತೆ ಮೊದಲಿಂದ.

‘ರೋಗ್’ ಮಾದರಿಯ ಆಟಗಳ ಈ ವಂಶವನ್ನು ಬೆಳೆಸುತ್ತಿರುವವರು ಹೆಚ್ಚಾಗಿ ಹವ್ಯಾಸಿಗಳು. ಹಗಲು ನೌಕರಿ, ರಾತ್ರಿ ರಾಕ್ಷಸರ ಸಾಕಣೆ. ಏಳೇ ದಿನದಲ್ಲಿ ಇಡೀ ಆಟ ಕಟ್ಟುವ ಸವಾಲು 2005ರಿಂದ ನಡೆದುಬಂದಿದೆ. ಅತ್ತ ಇದೇ ವಂಶದ ‘ನೆಟ್‌ಹ್ಯಾಕ್’ ಆಟದ ಬಳಗ 2003ರ ನಂತರ ಮುಂದಿನ ಆವೃತ್ತಿ ಕೊಟ್ಟದ್ದು 2015ರಲ್ಲಿ. ನಮ್ಮ ಮೇಲ್ಸೇತುವೆ ಕಾಮಗಾರಿಗಳೂ ಎದ್ದು ನಿಂತು ಕೈಮುಗಿಯಬೇಕು!

ಇಂಥ ಆಟಗಳಲ್ಲಿ ದೋಷ ಹುಡುಕುವುದೂ ಸುಲಭವಲ್ಲ. ಅಮೆರಿಕದ ಆಡಮ್ಸ್ ಸಹೋದರರ ‘ಡ್ವಾರ್ಫ್ ಫೋರ್ಟ್ರೆಸ್’ ಆಟದಲ್ಲಿ ಒಮ್ಮೆ ಬೆಕ್ಕುಗಳು ಸುಮ್ಮಸುಮ್ಮನೆ ಸಾಯತೊಡಗಿದವು. ಹುಡುಕಿದರೆ, ಹೆಂಡದಂಗಡಿಯಲ್ಲಿ ಚೆಲ್ಲಿದ ಬಿಯರು ಅವುಗಳ ಪಾದಕ್ಕೆ ಮೆತ್ತಿತ್ತು. ಬೆಕ್ಕು ಒಂದು ಸಲ ನೆಕ್ಕಿದರೆ ಆಟ ಇಡೀ ಲೋಟದ ಲೆಕ್ಕ ಬರೆಯುತ್ತಿತ್ತು!

ಆದ್ದರಿಂದ, “ಆಟ ಯಾವಾಗಪ್ಪಾ ಮುಗಿಯುತ್ತೆ?” ಎಂದು ಯಾವ ಹವ್ಯಾಸಿಯನ್ನೂ ಕೇಳಬೇಡಿ. ಪಾಪ, ಅವನಿನ್ನೂ ಬೆಕ್ಕಿನ ಕಾಲು ಒರೆಸುತ್ತಿರುತ್ತಾನೆ.